ಹರಿಯದ ಬೆಲ್ಟು

ನಮ್ಮ ಮನೆಯಲ್ಲಿ ಮಾತಾಡುವುದೆಂದರೆ ಕೂಗುವುದೇ ಆಗಿತ್ತು. ಮುಂದಿನ ಅಂಕಣದಲ್ಲಿ ಹಿಟ್ಟಿನ ಗಿರಣಿ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಎಡಕ್ಕೆ ಅಡುಗೆಮನೆ, ಅದರಾಚೆ ಬಚ್ಚಲು, ಹಿತ್ತಲು. ಹರಪನಹಳ್ಳಿಯ ಹಳೇ ಓಣಿಯ ಆ ಮನೆಯಲ್ಲಿ ಗಿರಣಿಗೂ ನಮಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ, ಒಂದು ಬಾಗಿಲು. ಬೆಳಿಗ್ಗೆ ಅಪ್ಪ ಮೋಟರು ಹಾಕಿದನೆಂದರೆ ದೇವರ ಗೂಡಿನಲ್ಲಿದ್ದ ಕುಂಕುಮದ ಬಟ್ಟಲು ಸಣ್ಣಗೆ ನಡುಗತೊಡಗುತ್ತಿತ್ತು. ಹಿಟ್ಟು ಎಲ್ಲದರ ಮೇಲೂ ಕೂರುತ್ತಿತ್ತು: ಹಾಸಿಗೆಯ ಮೇಲೆ, ನಮ್ಮ ಪಾಟಿಚೀಲದ ಮೇಲೆ, ಅಜ್ಜಿಯ ಹುಬ್ಬಿನ ಮೇಲೆ. ಅವ್ವ ದಿನಕ್ಕೆ ಎರಡು ಸಲ ಒರೆಸುತ್ತಿದ್ದಳು, ಎರಡು ಸಲವೂ ಸೋಲುತ್ತಿದ್ದಳು. ಮೆಣಸಿನಕಾಯಿ ಬೀಸುವ ದಿನಗಳಲ್ಲಿ ನಾನೂ ತಂಗಿ ಶೈಲಾಳೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಲಿನಲ್ಲಿ ಕೂತು ಪಾಠ ಓದುತ್ತಿದ್ದೆವು. ಶೈಲಾ ನನಗಿಂತ ಐದು ವರ್ಷ ಚಿಕ್ಕವಳು.

ಊರಿಗೆಲ್ಲ ಅಪ್ಪ ಗಿರಣಿ ಈರಣ್ಣ. ಬೀಸಲು ಬಂದ ಹೆಂಗಸರ ಪಾಲಿಗೆ ಅವನಷ್ಟು ಮೆತ್ತಗಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಡಬ್ಬಿ ತಾನೇ ಇಳಿಸಿಕೊಳ್ಳುತ್ತಿದ್ದ, ಬಸುರಿಯರನ್ನು ಸಾಲಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಆ ಬಾಗಿಲು ದಾಟಿ ಪಡಸಾಲೆಗೆ ಕಾಲಿಟ್ಟರೆ ಬೇರೆ ಅಪ್ಪ. ರೊಟ್ಟಿ ಆರಿದ್ದರೆ, ಟವೆಲು ಗೂಟಕ್ಕೆ ಇರದಿದ್ದರೆ, ಅಜ್ಜಿ ಕೆಮ್ಮಿದಾಗ ಅವ್ವ ಎದ್ದು ನೀರು ಕೊಡದಿದ್ದರೆ, ಏನಾದರೂ ಒಂದಕ್ಕೆ ಸಿಟ್ಟು ಬರುತ್ತಿತ್ತು. ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಅವ್ವನಿಗೆ ಬೀಳುತ್ತಿತ್ತು, ಕೆಲವೊಮ್ಮೆ ನನಗೆ. ಸಿಟ್ಟು ಇಳಿದ ಸಂಜೆ ಅಪ್ಪ ಪೇಟೆಯಿಂದ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದ. ತಪ್ಪಾಯಿತು ಎನ್ನುವ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ. ಪಡಸಾಲೆಯಲ್ಲಿ ಕಾಗದ ಹಾಸಿ ಮಂಡಕ್ಕಿ ಸುರುವಿ ಎಲ್ಲರೂ ಸುತ್ತ ಕೂತು ತಿನ್ನುತ್ತಿದ್ದೆವು. ಅವ್ವನೂ ತಿನ್ನುತ್ತಿದ್ದಳು, ಊದಿದ ಕೆನ್ನೆಯ ಇನ್ನೊಂದು ಬದಿಯಿಂದ ಅಗಿದು.

ಅಪ್ಪನ ಅವ್ವ, ನಮ್ಮಜ್ಜಿ, ಈ ಸಿಟ್ಟಿನ ಬಗ್ಗೆ ಹೊಲದ ಬಗ್ಗೆಯೋ ಎತ್ತಿನ ಬಗ್ಗೆಯೋ ಹೇಳಿಕೊಂಡ ಹಾಗೆ ಹೇಳಿಕೊಳ್ಳುತ್ತಿದ್ದಳು.

"ನಮ್ಮ ಮನಿತನದ ಸಿಟ್ಟು ಹಾಲು ಉಕ್ಕಿದಂಗ. ಒಂದೀಟು ನೀರು ಚಿಮುಕಿಸಿದ್ರ ಇಳದು ಬಿಡತೈತಿ. ಒಳಗೇನು ಇಟಗೊಳ್ಳೋರಲ್ಲ ನಮ್ಮ ಗಂಡಸರು."

ಉಕ್ಕಿದ ಹಾಲು ಯಾರ ಕೈ ಮೇಲೆ ಬಿತ್ತೆಂದು ಅಜ್ಜಿ ಹೇಳುತ್ತಿರಲಿಲ್ಲ.

ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ನಡೆದದ್ದು ಇದು. ಮಧ್ಯಾಹ್ನ ಅಪ್ಪ ಗಿರಣಿಗೆ ಯಾರದೋ ಗೋದಿ ಸುರುವಿ ಊಟಕ್ಕೆ ಒಳಗೆ ಬಂದಿದ್ದ. ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ತಾಟು ಗೋಡೆಗೆ ಹೋಯಿತು. ಅಪ್ಪ ಅವ್ವನ ತಲೆಗೂದಲು ಹಿಡಿದು ಒದರುತ್ತಿದ್ದ. ಗಿರಣಿ ಓಡುತ್ತಿದ್ದಷ್ಟು ಹೊತ್ತೂ ಆ ಸದ್ದಿನಲ್ಲಿ ಈ ಸದ್ದು ಮುಳುಗಿಹೋಗುತ್ತಿತ್ತು. ನಮ್ಮ ಮನೆಯ ಮರ್ಯಾದೆ ಉಳಿದದ್ದೇ ಮೋಟರಿನಿಂದ. ಅವತ್ತು ನಡುವೆ ಕರೆಂಟು ಹೋಯಿತು. ಕಲ್ಲು ತಿರುಗುವುದು ನಿಧಾನವಾಗಿ, ಬೆಲ್ಟು ಒಂದೆರಡು ಸಲ ಪಟಪಟ ಎಂದು ನಿಂತಿತು. ಅಪ್ಪನ ದನಿ ಒಂಟಿಯಾಗಿ ಉಳಿಯಿತು.

"ಯಾವ ದನಕ್ಕ ಹಾಕಾಕ ಮಾಡೀದಿ ಇದನ್ನ..."

ಗೋಡೆಯಾಚೆ ಬೆಂಚಿನ ಮೇಲೆ ಏಳೆಂಟು ಹೆಂಗಸರು ಕೂತಿದ್ದರು. ಅಪ್ಪ ಅಲ್ಲಿಗೇ ನಿಲ್ಲಿಸಿದ. ಕೈ ಬಿಟ್ಟ. ಮೀಸೆ ಒರೆಸಿಕೊಂಡ, ಅಂಗಿ ಸರಿ ಮಾಡಿಕೊಂಡ, ಬಾಗಿಲು ತೆಗೆದು ಹೊರಗೆ ಹೋದ.

"ಹೋತು ನೋಡ್ರಿ ಕರೆಂಟು. ಕುಂದರ್ರಿ ಅವ್ವಾರ, ಬರತೈತಿ."

ಮೂಲೆಯಲ್ಲಿ ಶೈಲಾಳನ್ನು ತಬ್ಬಿ ಕೂತಿದ್ದ ನನಗೆ ಅವತ್ತು ಒಂದು ವಿಷಯ ತಿಳಿಯಿತು. ಅಪ್ಪನಿಗೆ ನಿಲ್ಲಿಸಲು ಬರುತ್ತದೆ. ಉಕ್ಕುವ ಹಾಲಿಗೆ ಹೊರಗೆ ಯಾರು ಕೂತಿದ್ದಾರೆಂದು ಗೊತ್ತಿರುವುದಿಲ್ಲ, ಅಪ್ಪನಿಗೆ ಗೊತ್ತಿತ್ತು. ಆ ಮಧ್ಯಾಹ್ನ ನಾನು ಅವನನ್ನು ದ್ವೇಷಿಸಿದಷ್ಟು ಹಿಂದೆಂದೂ ದ್ವೇಷಿಸಿರಲಿಲ್ಲ.

ಆದರೆ ಆ ಹೊತ್ತಿಗಾಗಲೇ ಅದು ನನ್ನಲ್ಲೂ ಇತ್ತು. ಶಾಲೆಯಲ್ಲಿ ನಾನು ತಲೆ ತಗ್ಗಿಸಿ ಕೂರುವ ಗಿರಿಜಾ. ಮನೆಯಲ್ಲಿ ನನ್ನ ಕೈಗೆ ಸಿಗುವಷ್ಟು ಚಿಕ್ಕವಳು ಒಬ್ಬಳೇ ಇದ್ದಳು. ಶೈಲಾಳ ತೋಳು ಕಚ್ಚಿದ್ದೆ. ಬಚ್ಚಲ ಕಲ್ಲಿನ ಮೇಲೆ ದೂಡಿದ್ದೆ. ನನ್ನ ಪೆನ್ಸಿಲು ಮುರಿದಳೆಂದು ಆಕೆಯ ಬೆರಳುಗಳನ್ನು ಬಾಗಿಲ ಸಂದಿಯಲ್ಲಿಟ್ಟು ಅಳುವವರೆಗೂ ಒತ್ತಿದ್ದೆ. ಆಮೇಲೆ ನನ್ನ ಪಾಲಿನ ಬೆಲ್ಲ ಕೊಡುತ್ತಿದ್ದೆ, ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದೆ. ಆಕೆ ಬೆಲ್ಲ ಚೀಪುತ್ತಾ ಅಲುಗಾಡದೆ ಕೂರುತ್ತಿದ್ದಳು. ಅಜ್ಜಿ ಇದನ್ನೆಲ್ಲ ನೋಡಿ ಒಮ್ಮೆ ಅವ್ವನಿಗೆ ಹೇಳಿದ್ದಳು.

"ಅಪ್ಪನ ಸಿಟ್ಟು ಇದಕ್ಕ ಬಂದೈತಿ ನೋಡವ್ವ. ಗಂಡಿಗೆ ಬಂದಿದ್ರ ಚಂದಿತ್ತು. ಹೆಣ್ಣಿಗೆ ಬರಬಾರದಾಗಿತ್ತು."

 ಅವ್ವ ಅಂದಿನಿಂದ ನಮ್ಮಿಬ್ಬರನ್ನೇ ಬಿಟ್ಟು ಹೋಗುವಾಗ ಅಡುಗೆಮನೆಯ ಈಳಿಗೆಯನ್ನು ಅಟ್ಟದ ಮೇಲೆ ಇಡುತ್ತಿದ್ದಳು.

ನನಗೆ ಹನ್ನೊಂದು ತುಂಬಿತ್ತು, ಶೈಲಾಳಿಗೆ ಆರು. ಪಡಸಾಲೆಯಲ್ಲಿದ್ದ ಚೀಲದಿಂದ ಹದಿನಾರು ಸೇರು ಜೋಳ ಅಳೆದು ಬುಟ್ಟಿಗೆ ಹಾಕಲು ಅವ್ವ ಹೇಳಿ ಹಿತ್ತಲಿಗೆ ಬಟ್ಟೆ ಒಗೆಯಲು ಹೋಗಿದ್ದಳು. ನಮ್ಮದು ಕಬ್ಬಿಣದ ಸೇರು, ಬಾಯಿಗೆ ದಪ್ಪ ಪಟ್ಟಿ ಕಟ್ಟಿದ್ದು, ಬರಿದಾಗಿದ್ದರೂ ತೂಕವಿತ್ತು. ಒಂದು ಎನ್ನುವ ಬದಲು ಲಾಭ, ಆಮೇಲೆ ಎರಡು, ಮೂರು ಎಂದು ಎಣಿಸುತ್ತಾ ಅಳೆಯುತ್ತಿದ್ದೆ. ಶೈಲಾ ಎದುರಿಗೆ ಕೂತು ಬಾಯಿಗೆ ಬಂದ ಸಂಖ್ಯೆ ಕೂಗುತ್ತಿದ್ದಳು. ನಾನು ಏಳು ಎಂದರೆ ಆಕೆ ಹದಿಮೂರು. ನನಗೆ ಲೆಕ್ಕ ತಪ್ಪಿತು. ಬುಟ್ಟಿಯ ಜೋಳವನ್ನೆಲ್ಲ ಚೀಲಕ್ಕೆ ಸುರಿದು ಮೊದಲಿನಿಂದ ಶುರು ಮಾಡಿದೆ. ಮತ್ತೆ ಕೂಗಿದಳು. ಮತ್ತೆ ತಪ್ಪಿತು. ಮೂರನೆಯ ಸಲ ಆಕೆ ಕೂಗಲೂ ಇಲ್ಲ. ಕೂಗುವಳಂತೆ ಬಾಯಿ ತೆರೆದು ನಕ್ಕಳು, ಅಷ್ಟೇ. ನನ್ನ ಕಿವಿ ಬಿಸಿಯಾದದ್ದು ನೆನಪಿದೆ. ಸೇರು ಕೈಯಿಂದ ಹೋದದ್ದು ನೆನಪಿಲ್ಲ.

ಗಿರಣಿ ಓಡುತ್ತಿತ್ತು. ಶೈಲಾ ಎಡಗಣ್ಣನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಬಾಯಿ ಅಗಲಿಸಿದ್ದಳು, ಆದರೆ ನನಗೆ ದನಿ ಕೇಳುತ್ತಿರಲಿಲ್ಲ. ಬೆರಳ ಸಂದಿಯಿಂದ ರಕ್ತ ಇಳಿದು ಜೋಳದ ಮೇಲೆ ಬೀಳುತ್ತಿತ್ತು. ನಾನು ನಿಂತೇ ಇದ್ದೆ. ಅವ್ವ ಒದ್ದೆ ಕೈಯಲ್ಲಿ ಒಳಬಂದು ನೋಡಿದಳು. ಶೈಲಾಳನ್ನು, ಸೇರನ್ನು, ನನ್ನನ್ನು. ಆಮೇಲೆ ಗಿರಣಿ ಬಾಗಿಲು ದಬದಬ ಬಡಿದು ಅಪ್ಪನನ್ನು ಕರೆದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಇದ್ದ ಡಾಕ್ಟರರ ಬಳಿಗೆ ಅಪ್ಪ ಆಕೆಯನ್ನು ಎತ್ತಿಕೊಂಡು ಓಡಿದ. ಹಿಂದೆ ಅವ್ವ, ಅವಳ ಹಿಂದೆ ನಾನು. ಡಾಕ್ಟರು ಕಣ್ಣಿನ ಮೇಲಿನ ಬಟ್ಟೆ ತೆಗೆದು ನೋಡಿ, ಏನಾಯಿತೆಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು.

"ಗಿರಣಿ ಬೆಲ್ಟು ಹರದು ಹೊಡೀತ್ರಿ."

ಅಪ್ಪ ಅವಳ ಕಡೆ ತಿರುಗಿದ. ಅವ್ವ ಅವನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಡಾಕ್ಟರರಿಗೆ ಸಿಟ್ಟು ಬಂತು.

"ಮಕ್ಕಳನ್ನ ಮಷೀನ್ ಹತ್ರ ಬಿಡ್ತಾರೇನ್ರಿ? ಹರಿಯೋ ತನಕ ಬೆಲ್ಟ್ ಹಾಕ್ಕೊಂಡು ಕೂತಿದ್ರಾ?"

ಅಪ್ಪನಿಗೆ ಯಾರಾದರೂ ಗದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವನ ಕತ್ತಿನ ನರ ಎದ್ದಿತು. ಆಮೇಲೆ ಅದು ಇಳಿಯಿತು.

"ಹೌದ್ರಿ," ಎಂದ. "ನಂದ ತಪ್ಪು. ಹಳೇ ಬೆಲ್ಟು."

ಅಲ್ಲಿಂದ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ. ಅವ್ವನೂ ಶೈಲಾಳೂ ಮೂರು ವಾರ ಅಲ್ಲೇ ಉಳಿದರು. ಕಣ್ಣು ಉಳಿಯಿತು, ದೃಷ್ಟಿ ಹೋಯಿತು. ಬೆಳ್ಳಗೆ ಹೆಪ್ಪುಗಟ್ಟಿದ ಎಡಗಣ್ಣಿನೊಂದಿಗೆ ಆಕೆ ಮನೆಗೆ ಬಂದಾಗ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಯಾರೋ ಕೆನ್ನೆ ಸವರಿ ಏನಾಯಿತವ್ವಾ ಎಂದರು. ಆರು ವರ್ಷದ ಶೈಲಾ ಅವ್ವನ ಮುಖ ನೋಡಿ, ಪದ್ಯ ಒಪ್ಪಿಸುವ ಹಾಗೆ ಹೇಳಿದಳು.

"ಬೆಲ್ಟು ಹೊಡೀತು."

ಊರು ಅಪ್ಪನನ್ನು ಆಡಿಕೊಂಡಿತು. ಮಗಳ ಕಣ್ಣು ಕಳೆದವನು ಎಂದು ಕೆಲವರು ಬೇರೆ ಗಿರಣಿ ಹಿಡಿದರು. ಅಪ್ಪ ಹರಿಯದ ಬೆಲ್ಟನ್ನು ಬಿಚ್ಚಿ ಹೊಸದು ಹಾಕಿದ. ಸುತ್ತಲೂ ಕಬ್ಬಿಣದ ಜಾಲರಿ ಕೂರಿಸಿದ. ಕೇಳಿದವರಿಗೆಲ್ಲ ಅದೇ ಮಾತು ಹೇಳಿದ, ಹಳೇ ಬೆಲ್ಟು, ನಂದ ತಪ್ಪು. ನಾನು ಹೊಡೆತಕ್ಕೆ ಕಾಯುತ್ತಿದ್ದೆ. ಅವನು ಪಡಸಾಲೆಗೆ ಬಂದಾಗಲೆಲ್ಲ ಇವತ್ತು ಬೀಳುತ್ತದೆ ಎಂದು ಬೆನ್ನು ಬಿಗಿ ಹಿಡಿದು ನಿಲ್ಲುತ್ತಿದ್ದೆ. ಬೀಳಲಿಲ್ಲ. ಆ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಯಾಕೆ ಮಾಡಿದೆ ಎಂದು ಕೇಳಲಿಲ್ಲ. ಕೇಳಿದರೆ ಬೆಲ್ಟಿನ ಸುಳ್ಳು ಒಡೆಯುತ್ತಿತ್ತು. ಹೆಣ್ಣುಹುಡುಗಿಯ ಹೆಸರು ಕೆಡಬಾರದೆಂದು ಅವ್ವ ಕಟ್ಟಿದ ಗೋಡೆ ಅದು. ಒಳಗೆ ನಾನು ಒಬ್ಬಳೇ ಇದ್ದೆ.

ಅಪ್ಪ ಬದಲಾದ ಎಂದು ಬರೆಯಲು ನನಗೆ ಆಸೆ. ಬದಲಾಗಲಿಲ್ಲ. ಅವ್ವನಿಗೆ ಬೀಳುವುದು ಬೀಳುತ್ತಲೇ ಇತ್ತು. ನನ್ನ ಮೇಲೆ ಮಾತ್ರ ಮತ್ತೆ ಎಂದೂ ಕೈ ಎತ್ತಲಿಲ್ಲ. ಒಂದೇ ಒಂದು ಸಲ, ಒಂದು ವರ್ಷ ಕಳೆದಿರಬೇಕು, ಗಿರಣಿ ಕಸ ಗುಡಿಸುತ್ತಿದ್ದ ನನ್ನನ್ನು ಕರೆದ. ಕರೆಂಟು ಇರಲಿಲ್ಲ, ಬೆಂಚು ಖಾಲಿ ಇತ್ತು.

"ನಿನಗ ಅದು ಬರೋವಾಗ ಮೊದಲು ಎಲ್ಲಿ ಬರತೈತಿ?"

ಏನೆಂದು ಕೇಳುವ ಅಗತ್ಯ ನನಗಿರಲಿಲ್ಲ.

"ಕಿವಿಯಾಗ," ಎಂದೆ.

"ನನಗೂ ಅಲ್ಲೇ."

ಇನ್ನೇನೋ ಹೇಳುತ್ತಾನೆಂದು ಕಸಬರಿಗೆ ಹಿಡಿದು ನಿಂತೆ. ಅಪ್ಪ ಕಲ್ಲಿನ ಮೇಲಿನ ಹಿಟ್ಟನ್ನು ಅಂಗೈಯಿಂದ ಒರೆಸುತ್ತಾ ಕೂತ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ತನ್ನ ಸಿಟ್ಟು ಎಲ್ಲಿ ಹುಟ್ಟುತ್ತದೆಂದು ತಿಳಿದಿತ್ತು, ಮುಂದೆ ಮಾಡುವುದೇನೆಂದು ತಿಳಿದಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಎಲ್ಲವನ್ನೂ ಮಾಡಿ ನೋಡಿದೆ. ಅಜ್ಜಿ ಮೈಲಾರದಿಂದ ಅರಿಸಿನದ ಭಂಡಾರ ತಂದು ಹಣೆಗೆ ಬಳಿದಳು. ನೂರರವರೆಗೆ ಎಣಿಸಿದೆ. ತಂಬಿಗೆ ನೀರು ಗಟಗಟ ಕುಡಿದೆ. ಶೈಲಾಳ ಬದಲು ಚಹಾದ ಕಪ್ಪುಬಸಿಗಳನ್ನು ಒಡೆದೆ, ನನ್ನ ಮುಂಗೈಯನ್ನೇ ಕಚ್ಚಿಕೊಂಡೆ. ಆಕೆಗೆ ಮತ್ತೆ ಹೊಡೆಯಲಿಲ್ಲ ಎಂಬುದು ನಿಜ, ಆದರೆ ನಾಲಗೆಯಿಂದ ಏನೇನು ಅಂದೆನೆಂದು ಇಲ್ಲಿ ಬರೆಯಲಾರೆ. ಓದು ಮುಗಿಸಿ ತೆಲಿಗಿಯ ಶಾಲೆಗೆ ಟೀಚರಾಗಿ ಸೇರಿದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಆ ಮಕ್ಕಳು ನನ್ನ ಎತ್ತರದ ದನಿಯನ್ನೇ ಕೇಳಿರಲಿಲ್ಲ. ಗಿರಿಜಾ ಟೀಚರು ಬಂಗಾರ ಎನ್ನುತ್ತಿದ್ದರು. ಅಪ್ಪನಿಂದ ನಾನು ಕಲಿತ ವಿದ್ಯೆ ಅದು, ಬೆಂಚಿನ ಮೇಲೆ ಕೂತವರ ಮುಂದೆ ಮೆತ್ತಗಿರುವುದು. ನನ್ನನ್ನು ನೋಡಲು ಎರಡು ಮೂರು ಕಡೆಯಿಂದ ಬಂದರು, ನಾನು ಒಪ್ಪಲಿಲ್ಲ. ಕಾರಣ ಯಾರಿಗೂ ಹೇಳಲಿಲ್ಲ. ನನ್ನ ಕೈಗೆ ಎಟಕುವಂತೆ ಸಣ್ಣ ಮಗುವೊಂದು ಮನೆಯಲ್ಲಿ ಓಡಾಡುವುದನ್ನು ನೆನೆದರೆ ಹೆದರಿಕೆಯಾಗುತ್ತಿತ್ತು.

ಶೈಲಾಳಿಗೆ ಇಪ್ಪತ್ತಾದಾಗ ಕೊಟ್ಟೂರಿನಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಬಟ್ಟೆ ಅಂಗಡಿ. ಕಣ್ಣಿನ ವಿಷಯ ಮೊದಲೇ ಹೇಳಿ ಕಳಿಸಿದ್ದೆವು, ಆದರೂ ಬಂದಿದ್ದರು. ಹುಡುಗ ಶೈಲಾಳ ಮುಖವನ್ನು ನೇರವಾಗಿ ನೋಡಿ ಮಾತಾಡಿದ. ಏನು ಓದುತ್ತೀರಿ, ಗಿರಣಿ ಕೆಲಸ ಬರುತ್ತದೇನು ಎಂದೆಲ್ಲ ಕೇಳಿದ. ಆಕೆ ಉತ್ತರ ಕೊಡುತ್ತಾ ಒಮ್ಮೆ ನಕ್ಕಳು. ನಾನು ಉಪ್ಪಿಟ್ಟಿನ ತಾಟುಗಳನ್ನು ಹಿಡಿದು ನಿಂತಿದ್ದೆ. ಎಲ್ಲ ಆದಂತೆಯೇ ಇತ್ತು. ಹುಡುಗನ ದೊಡ್ಡಪ್ಪ ಚಹಾ ಕುಡಿಯುತ್ತಾ, ತೆರೆದ ಬಾಗಿಲಾಚೆ ಗಿರಣಿಯ ಜಾಲರಿಯತ್ತ ಕೈ ತೋರಿಸಿ ನಕ್ಕ.

"ಈಗ ಹಾಕೀರೇನು? ಒಂದು ಬೆಲ್ಟು ನೋಡಿಕೊಳ್ಳಾಕ ಆಗಲಿಲ್ಲ ಯಜಮಾನ್ರ ನಿಮಗ. ಕಣ್ಣು ಮುಚ್ಚಿಗೊಂಡು ಗಿರಣಿ ನಡಸಿದ್ರಿ ಅನ್ರಿ."

ಅಪ್ಪ ತಲೆ ತಗ್ಗಿಸಿದ. ಆ ಹೊತ್ತಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಹೌದ್ರಿ. ನಂದ ತಪ್ಪು."

ಕಿವಿ ಬಿಸಿಯಾಯಿತು. ತಾಟುಗಳನ್ನು ನೆಲಕ್ಕೆ ಇಟ್ಟದ್ದು ಗೊತ್ತು. ಆಮೇಲೆ ಕೇಳಿದ್ದು ನನ್ನದೇ ದನಿ, ಪಡಸಾಲೆಯ ತುಂಬ.

"ಬೆಲ್ಟು ಹರದಿಲ್ಲ. ನಾನು ಸೇರು ಒಗದು ಹೊಡದೀನಿ. ಈ ಮನ್ಯಾಗ ಎಲ್ಲಾರಿಗೂ ಗೊತ್ತೈತಿ. ನಮ್ಮಪ್ಪನ ಮುಂದ ನಗಬ್ಯಾಡ್ರಿ ನೀವು."

 ದೊಡ್ಡಪ್ಪ ಕಪ್ಪನ್ನು ಕೆಳಗಿಟ್ಟ. ಹುಡುಗ ನನ್ನನ್ನೊಮ್ಮೆ, ಶೈಲಾಳನ್ನೊಮ್ಮೆ ನೋಡಿದ. ಊರಿಗೆ ಹೋಗಿ ಹೇಳಿ ಕಳಿಸುತ್ತೇವೆಂದು ಮರ್ಯಾದೆಯಿಂದಲೇ ಎದ್ದರು. ಹೇಳಿ ಕಳಿಸಲಿಲ್ಲ. ಅಂಥ ಅಕ್ಕನಿರುವ ಮನೆ, ಹದಿನಾಲ್ಕು ವರ್ಷ ಸುಳ್ಳು ನಡೆಸಿದ ಮನೆ ಎಂದು ಕೊಟ್ಟೂರಿನಲ್ಲಿ ಅಂದರಂತೆ. ಸುದ್ದಿ ನಮ್ಮ ಊರಿಗೆ ಬರಲು ಎರಡು ದಿನ ಸಾಕಾಯಿತು, ತೆಲಿಗಿಗೆ ಹೋಗಲು ಇನ್ನೆರಡು. ಒಬ್ಬ ತಾಯಿ ಶಾಲೆಗೆ ಬಂದು, ನನ್ನೊಡನೆ ನಗುನಗುತ್ತಲೇ ಮಾತಾಡಿ, ಮಗನನ್ನು ಮುಂದಿನ ಸಾಲಿನಿಂದ ಎಬ್ಬಿಸಿ ಹಿಂದಿನ ಸಾಲಿಗೆ ಕೂರಿಸಿ ಹೋದಳು.

ಕೊಟ್ಟೂರಿನವರು ಎದ್ದುಹೋದ ಸಂಜೆಯೇ ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟು.

"ಇನ್ನ ಬೆಲ್ಟು ಹರದಿತ್ತು ಅಂತ ಹೇಳೋದು ತಪ್ಪಿತು ಬಿಡು ನನಗ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅಪ್ಪನ ಮರ್ಯಾದೆ ಉಳಿಸಿದೆ, ನಿಜ ಹೇಳಿದೆ, ಕೊನೆಗೂ ಒಂದು ಒಳ್ಳೆಯ ಸಿಟ್ಟು ಬಂತು ಎಂದುಕೊಂಡೇ ಅಡುಗೆಮನೆಗೆ ಹೋದೆ. ಶೈಲಾ ಬಂದವರ ಕಪ್ಪುಗಳನ್ನು ತೊಳೆಯುತ್ತಿದ್ದಳು. ಉಟ್ಟಿದ್ದ ರೇಷ್ಮೆ ಸೀರೆಯನ್ನು ಇನ್ನೂ ಬಿಚ್ಚಿರಲಿಲ್ಲ.

"ಹಗುರಾತೇನಕ್ಕಾ ನಿನಗ?"

"ಖರೇ ಹೇಳಿದೆ ಶೈಲಾ. ಎಷ್ಟು ದಿನ ಅಂತ..."

"ಖರೇ ಹೇಳಾಕ ಹದಿನಾಲ್ಕು ವರ್ಷ ಇತ್ತು. ಒಂದ ಕ್ವಾಣ್ಯಾಗ ಮಲಗತೀವಿ. ಒಂದಿನ ನನ್ನ ಕಡೆ ತಿರುಗಿ ಹೇಳಲಿಲ್ಲ ನೀನು, ಹೊಡದದ್ದು ನಾನು ಅಂತ. ನನಗೂ ಬೆಲ್ಟು ಅಂತಾನ ಹೇಳಿಸಿದ್ರಿ. ಇವತ್ತು ಆ ಮುದುಕನ ಮ್ಯಾಲೆ ಸಿಟ್ಟು ಬಂತು, ಅದನ್ನ ಎತ್ತಿ ಒಗದಿ. ಬಿದ್ದದ್ದು ಯಾರಿಗೆ?"

ಕಪ್ಪನ್ನು ಬೋರಲು ಹಾಕಿದಳು.

"ಈ ಸಲ ಕೈಯಾಗ ಸೇರು ಇರಲಿಲ್ಲ. ಅಷ್ಟ ಫರಕು."

ಆಕೆ ಅಳಲಿಲ್ಲ. ನನಗೂ ಅಳು ಬರಲಿಲ್ಲ. ಒಳ್ಳೆಯ ಸಿಟ್ಟು ಎಂದುಕೊಂಡದ್ದು ಅದೇ ಹಳೆಯ ಸಿಟ್ಟು, ಈ ಸಲ ನಿಜದ ಅಂಗಿ ತೊಟ್ಟು ಬಂದಿತ್ತು ಎಂದು ಆ ಒಲೆಯ ಮುಂದೆ ನಿಂತು ತಿಳಿದುಕೊಂಡೆ. ಅಲ್ಲಿಯತನಕ ನನ್ನ ಸಿಟ್ಟಿಗೆ ನಾನೇ ಬಲಿ ಎಂದು ಎಲ್ಲೋ ಒಂದು ಕಡೆ ನಂಬಿದ್ದೆ. ಬಲಿಯಾದವಳು ನನ್ನ ಎದುರು ಕಪ್ಪು ತೊಳೆಯುತ್ತಿದ್ದಳು.

ಶೈಲಾ ಒಂದು ವರ್ಷದ ಹತ್ತಿರ ನನ್ನೊಡನೆ ಮಾತಾಡಲಿಲ್ಲ. ಒಂದೇ ಕೋಣೆಯಲ್ಲಿ ಮಲಗಿದೆವು, ಒಂದೇ ಬುಟ್ಟಿಯ ರೊಟ್ಟಿ ತಿಂದೆವು. ಅವ್ವ ನಡುವೆ ಕೂತು ಇವಳ ಮಾತು ಅವಳಿಗೆ, ಅವಳ ಮಾತು ಇವಳಿಗೆ ದಾಟಿಸುತ್ತಿದ್ದಳು. ಅಜ್ಜಿ ಆ ವರ್ಷವೇ ತೀರಿಕೊಂಡಳು. ಅಪ್ಪನಿಗೆ ಉಬ್ಬಸ ಹೆಚ್ಚಾಗಿ ಶೈಲಾ ಗಿರಣಿಗೆ ನಿಲ್ಲತೊಡಗಿದಳು. ಒಂದು ಭಾನುವಾರ ಅವ್ವ ಅಪ್ಪನನ್ನು ಕರೆದುಕೊಂಡು ದವಾಖಾನೆಗೆ ಹೋಗಿದ್ದಾಗ, ಆಕೆ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹೋಗಿ ಆಕೆಯ ಎದುರು ಕೂತೆ.

"ಶೈಲಾ, ನಿನ್ನ ಕಣ್ಣಿಗೆ ಹೊಡದದ್ದು ನಾನು. ನಿನ್ನ ಮದುವಿ ಕೆಡಿಸಿದ್ದೂ ನಾನು."

ಆಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ."

"ಏನು ಮಾಡಲಿ ನಾನು?"

ಆಕೆ ಇನ್ನೊಂದು ಹಿಡಿ ಕಾಯಿ ಎಳೆದುಕೊಂಡು ಸುಲಿದಳು. ಉತ್ತರ ಬರುವುದಿಲ್ಲವೆಂದು ಏಳಲು ಹೋದೆ.

"ಅದು ಬರಾಕ ಹತ್ತಿದ ಕೂಡ್ಲೆ ನನಗ ಹೇಳು. ಬಂದ ಮ್ಯಾಲೆ ಅಲ್ಲ, ಬರಾಕ ಹತ್ತಿದಾಗ. ನಾನು ಎದ್ದು ಹೊರಗ ಹೋಗತೀನಿ."

"ನೀ ಯಾಕ ಹೋಗತಿ, ನಾನ ಹೋಗತೀನಿ."

"ಬ್ಯಾಡ. ನೀ ಎದ್ದು ಬಾಗಿಲ ಕಡೆ ಬಂದ್ರ, ಹೋಗಾಕ ಬಂದಿಯೋ ಹೊಡಿಯಾಕ ಬಂದಿಯೋ ನನಗ ಗೊತ್ತಾಗಂಗಿಲ್ಲ. ನೀ ಇದ್ದಲ್ಲೇ ಕುಂದ್ರು."

ಅಂದಿನಿಂದ ಹಾಗೇ ನಡೆಯಿತು. ಮೊದಮೊದಲು ನನಗೆ ಹೇಳಲು ಬಾಯಿ ಬರುತ್ತಿರಲಿಲ್ಲ. ಸಿಟ್ಟಿನ ನಡುವೆ, ಸಿಟ್ಟು ಬರುತ್ತಿದೆ ಎಂದು ಹೇಳುವುದರಷ್ಟು ನಾಚಿಕೆಯ ಕೆಲಸ ಇನ್ನೊಂದಿಲ್ಲ. ತಪ್ಪೆಲ್ಲ ಎದುರಿನವರದೇ ಎಂದು ಮೈಯೆಲ್ಲ ಹೇಳುತ್ತಿರುವಾಗ ನಾಲಗೆ ಮಾತ್ರ ನನ್ನನ್ನು ಹೆಸರಿಸಬೇಕು. ಎಷ್ಟೋ ಸಲ ತಡವಾಗಿ ಹೇಳಿದೆ. ಕೆಲವು ಸಲ ಹೇಳದೆ ಬಿಟ್ಟು, ಆಮೇಲೆ ಮತ್ತೆ ವಾರಗಟ್ಟಲೆ ಆಕೆಯ ಮೌನ ಉಂಡೆ. ನಿಧಾನವಾಗಿ ಒಂದೇ ಶಬ್ದ ಸಾಕೆಂದು ಕಂಡುಕೊಂಡೆ. ಬಂತು, ಎನ್ನುತ್ತಿದ್ದೆ. ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು, ಏನೂ ಕೇಳದೆ ಎದ್ದು ಹೋಗಿ ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದಳು, ಹೋಯಿತು ಎಂದು ನಾನು ಹೇಳಿದ ಮೇಲೆ ಒಳಬರುತ್ತಿದ್ದಳು. ಒಂದು ಸಲ ಒಲೆಯ ಮೇಲೆ ಸಾರು ಸೀಯುತ್ತಿತ್ತು, ಬೇಗ ಮುಗಿಯಲೆಂದು ಸಿಟ್ಟು ಇಳಿಯುವ ಮೊದಲೇ ಹೋಯಿತು ಎಂದುಬಿಟ್ಟೆ. ಆಕೆ ಒಳಬಂದು ನನ್ನ ಮುಖ ನೋಡಿದಳು, ತಿರುಗಿ ಹೊರಗೆ ಹೋದಳು. ಆ ಸಾರು ತಳ ಹಿಡಿದು ಕರಕಾಯಿತು. ಇಬ್ಬರೂ ಅದನ್ನೇ ಉಂಡೆವು.

ಅಪ್ಪ ಹೋದ, ಅವ್ವ ಹೋದಳು. ಶೈಲಾಳಿಗೆ ಬೇರೆ ಸಂಬಂಧ ಬರಲಿಲ್ಲ. ಗಿರಣಿ ಆಕೆಯದು, ನಾನು ಶಾಲೆ ಮುಗಿಸಿ ಬಂದು ರೊಟ್ಟಿ ಬಡಿಯುತ್ತೇನೆ. ಸಿಟ್ಟು ಹೋಗಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಬರುತ್ತದೆ, ಆದರೆ ಬಂದಾಗ ಹನ್ನೊಂದನೆಯ ವಯಸ್ಸಿನಲ್ಲಿದ್ದಷ್ಟೇ ಬಲ ಅದಕ್ಕಿದೆ. ಅವಳು ನನ್ನನ್ನು ಕ್ಷಮಿಸಿದ್ದಾಳೆಯೇ ಎಂದು ನಾನು ಕೇಳಿಲ್ಲ. ಕೇಳುವ ಹಕ್ಕು ನನ್ನದಲ್ಲ ಎಂದುಕೊಂಡಿದ್ದೇನೆ. ಮೊನ್ನೆ ಸಂಜೆ ಏನೋ ಸಣ್ಣದಕ್ಕೆ, ಬೀಗದ ಕೈ ಎಲ್ಲಿಟ್ಟೆ ಎನ್ನುವುದಕ್ಕೆ, ಬಂತು. ಬಂತು ಎಂದೆ. ಶೈಲಾ ಎದ್ದು ಹೋದಳು. ಬಾಗಿಲು ಮುಚ್ಚಿತು. ನಾನು ಗೋಡೆಗೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸುಮಾರು ಹೊತ್ತಿನ ಮೇಲೆ ಹೊರಗಿನಿಂದ ಆಕೆಯ ದನಿ ಕೇಳಿತು.

"ಹೋತೇನಕ್ಕಾ?"

ನೋಡಿಕೊಂಡೆ.

"ಇನ್ನೂ ಇಲ್ಲ," ಎಂದೆ. "ಅಲ್ಲೇ ಇರು."